ಭಾವನ ಟ್ಯಾಂಕು, ಹಸಿರು ನೀರು, ಮೈಲುತುತ್ತ

14 ಜುಲೈ 2024, ಭಾನುವಾರ

ಬೆಳಿಗ್ಗೆ ಅಕ್ಕನ ಫೋನು, "ನಿಮ್ ಭಾವ ಮೀನಿನ ಟ್ಯಾಂಕಿಗೆ ಮೈಲುತುತ್ತ ಹಾಕ್ತೀನಿ ಅಂತ ಕೂತಿದಾರೆ, ನೀನೇ ಬಂದು ಹೇಳು ಮಾರಾಯ" ಅಂತ. ಮಳೆ ಬಿಡೋ ಲಕ್ಷಣ ಇರ್ಲಿಲ್ಲ, ರೈನ್‌ಕೋಟ್ ಹಾಕ್ಕೊಂಡು ಶಿವಮೊಗ್ಗದ ವಿನೋಬನಗರಕ್ಕೆ ಹೋದೆ. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸೋಕೆ ತಂದಿದ್ದ ಮೈಲುತುತ್ತದ (ಕಾಪರ್ ಸಲ್ಫೇಟ್, ತಾಮ್ರದ ಉಪ್ಪು) ಪ್ಯಾಕೆಟ್ ಟೀಪಾಯಿ ಮೇಲೇ ಇತ್ತು. ಪಕ್ಕದಲ್ಲಿ ಎರಡಡಿ ಟ್ಯಾಂಕು, ನೀರು ಒಂದೆಲಗ ರುಬ್ಬಿ ಕದಡಿದ ಹಾಗೆ, ಗೋಲ್ಡ್‌ಫಿಶ್ ಗಾಜಿಗೆ ಮೂತಿ ತಾಗಿಸಿದ್ರೆ ಮಾತ್ರ ಕಾಣ್ತಿತ್ತು.

"ಕೊಳೆರೋಗಕ್ಕೇ ಆಗೋ ಔಷಧಿ, ಈ ಪಾಚಿಗೆ ಆಗಲ್ವ?" ಅಂದ್ರು ಭಾವ. ಆಗುತ್ತೆ, ತಾಮ್ರಕ್ಕೆ ಪಾಚಿ ಸಾಯೋದು ನಿಜ, ಆದ್ರೆ ಮೀನಿನ ಕಿವಿರೂ ತಾಮ್ರ ತಡ್ಕೊಳ್ಳಲ್ಲ, ಅದ್ರಲ್ಲೂ ನಮ್ ಕಡೆ ನೀರು ಮೆದು, ಗಡಸು ನೀರಲ್ಲಾದ್ರೆ ತಾಮ್ರದ ವಿಷ ಸ್ವಲ್ಪ ತಗ್ಗುತ್ತೆ, ಇಲ್ಲಿ ಅದೂ ಇಲ್ಲ. ಜೊತೆಗೆ ಅಷ್ಟೂ ಪಾಚಿ ಒಂದೇ ಸಲ ಸತ್ತು ಕೊಳೆಯೋಕೆ ಶುರುವಾದ್ರೆ ನೀರಲ್ಲಿರೋ ಆಕ್ಸಿಜನ್ ಖಾಲಿ. ಇಷ್ಟು ಹೇಳಿ ಪ್ಯಾಕೆಟ್ ಎತ್ತಿ ಅಟ್ಟಕ್ಕೆ ಹಾಕಿದೆ.

ಭಾವ ಸೋಮಾರಿ ಅಲ್ಲ, ಅದೇ ತೊಂದ್ರೆ. ಪ್ರತಿ ಭಾನುವಾರ ಮೀನೆಲ್ಲ ಬಕೆಟ್ಟಿಗೆ ಹಾಕಿ, ಕಲ್ಲು ಮರಳು ಬಚ್ಚಲಲ್ಲಿ ತಿಕ್ಕಿ ತೊಳೆದು, ಫಿಲ್ಟರ್ ಸ್ಪಂಜನ್ನ ನಲ್ಲಿ ಕೆಳಗೆ ಬಿಳೀ ಆಗೋವರೆಗೂ ಹಿಂಡಿ, ಹೊಸಾ ನೀರು ತುಂಬ್ತಾರೆ. ಎರಡು ದಿನ ಫಳಫಳ, ಬುಧವಾರಕ್ಕೆ ಮತ್ತೆ ಹಸಿರು. ಮೀನಿನ ಕಕ್ಕ, ತಿನ್ನದೆ ಉಳಿದ ಕಾಳು ಇವೆಲ್ಲ ಕೊಳೆತು ಅಮೋನಿಯಾ ಆಗುತ್ತೆ, ಅದನ್ನ ಒಂದು ಜಾತಿ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತೆ, ಇನ್ನೊಂದು ಅದನ್ನ ನೈಟ್ರೇಟ್ ಮಾಡುತ್ತೆ. ಇವು ಮನೆ ಮಾಡ್ಕೊಂಡಿರೋದು ಆ ಸ್ಪಂಜಲ್ಲಿ, ಮರಳಲ್ಲಿ. ನಲ್ಲೀಲಿ ಬರೋದು ತುಂಗೆ ನೀರು, ಮಳೆಗಾಲದಲ್ಲಿ ಕ್ಲೋರಿನ್ ವಾಸನೆ ಮೂಗಿಗೇ ಹೊಡೆಯುತ್ತೆ, ಕ್ಲೋರಿನ್ ಹಾಕೋದೇ ಬ್ಯಾಕ್ಟೀರಿಯಾ ಸಾಯ್ಲಿ ಅಂತ ತಾನೆ? ಅದ್ರಲ್ಲಿ ಸ್ಪಂಜು ತೊಳೆದ್ರೆ ಒಳಗಿದ್ದ ಸಂಸಾರ ಎಲ್ಲ ಹೋಯ್ತು. ಹೊಸದಾಗಿ ಅವು ನೆಲೆ ನಿಲ್ಲೋಕೆ 4ರಿಂದ 6 ವಾರ ಬೇಕು, ಭಾವ ಒಂದು ವಾರನೂ ಕೊಡಲ್ಲ. ಅಮೋನಿಯಾ ಹಾಗೇ ನೀರಲ್ಲಿ ಉಳಿದ್ರೆ ಪಾಚಿಗೆ ಗೊಬ್ಬರ.

ಗೊಬ್ಬರ ಆಯ್ತು, ಬೆಳಕು? ಅದೂ ಧಾರಾಳ. ಮಳೆಗಾಲ, ಹಾಲ್ ಕತ್ತಲೆ ಅಂತ ಬೆಳಿಗ್ಗೆ ಎದ್ದ ಕೂಡ್ಲೆ ಟ್ಯಾಂಕ್ ಲೈಟ್ ಹಾಕಿದ್ರೆ ರಾತ್ರಿ ಮಲಗೋವಾಗ್ಲೇ ಆಫ್. ಹೊರಗೆ ಬಿಸಿಲೇ ಇಲ್ಲ, ಒಳಗೆ ಪಾಚಿಗೆ ಬೇಸಿಗೆ! 6-7 ಗಂಟೆ ಸಾಕು ಭಾವ ಅಂದೆ.

ಊಟದ್ದು ಇನ್ನೊಂದು ಕಥೆ. ಬೆಳಿಗ್ಗೆ ಅಕ್ಕ ಹಾಕ್ತಾಳೆ, ಸ್ಕೂಲಿಂದ ಬಂದು ಪುಟ್ಟ ಹಾಕ್ತಾನೆ, ಧಾರಾವಾಹಿ ಮಧ್ಯೆ ಅಜ್ಜಿ ಒಂದು ಚಿಟಿಕೆ. ಶೃಂಗೇರೀಲಿ ಮಂಡಕ್ಕಿ ಹಾಕಿ ಹಾಕಿ ಅಭ್ಯಾಸ ಅವ್ರಿಗೆ. ಅಲ್ಲಿ ತುಂಗೆ ಹರೀತಾ ಇರ್ತಾಳೆ ಅಜ್ಜಿ, ಇದು 50 ಲೀಟರು ನಿಂತ ನೀರು ಅಂದೆ. "ನಮ್ ತವರುಮನೆ ಬಾವೀಲಿ ಮೀನಿದ್ವು, ಅವಕ್ಕೆ ಯಾರೂ ಊಟ ಹಾಕಿದ್ದೇ ಇಲ್ಲ, ಸೊಳ್ಳೆಮರಿ ತಿನ್ಕೊಂಡು ಗಟ್ಟಿಮುಟ್ಟಾಗಿದ್ವು" ಅಂತ ಅವ್ರೇ ಹೇಳಿದ್ರು, ಹೇಳಿ ಡಬ್ಬಿ ಮಾತ್ರ ಕೊಡ್ಲಿಲ್ಲ.

ಈ ಹಸಿರು ನೀರು ಸ್ಪಂಜಿಗೆ ಸಿಕ್ಕಲ್ಲ, ಒಂದೊಂದು ಕಣವೂ ಅಷ್ಟು ಸಣ್ಣದು, ನೀರಲ್ಲೇ ತೇಲ್ತಾ ಇರುತ್ತೆ. ಮೀನಿಗೆ ವಿಷ ಏನಲ್ಲ ಬಿಡಿ, ಮೀನು ಸಾಕೋರು ಮರಿ ಬೆಳೆಸೋಕೆ ಬೇಕಂತ್ಲೇ ಹಸಿರು ನೀರು ಮಾಡ್ಕೊಳ್ತಾರೆ, ನಮ್ ಕಣ್ಣಿಗೆ ಮಾತ್ರ ಗಲೀಜು. ಬೆಳಕು ನಿಲ್ಲಿಸಿದ್ರೆ ತಾನೇ ಹೋಗುತ್ತೆ. ಹಿಂದಿನ ದಿನ ಹಿಡಿದಿಟ್ಟ ನೀರಿತ್ತು, ಅದಕ್ಕೆ ಕ್ಲೋರಿನ್ ತೆಗೆಯೋ ಡ್ರಾಪ್ಸ್ ಹಾಕಿ, ಟ್ಯಾಂಕಿಂದ ಒಂದು ಬಕೆಟ್ ತೆಗೆದು ಒಂದು ಬಕೆಟ್ ಹಾಕಿದ್ವಿ. 15 ಲೀಟರು, ಹೆಚ್ಚುಕಮ್ಮಿ ಮೂರರಲ್ಲೊಂದು ಪಾಲು. ಆಮೇಲೆ ಹಳೇ ಕಂಬಳಿ ಸುತ್ತಿದ್ವಿ. ಲೈಟ್ ಇಲ್ಲ, ಊಟ ಇಲ್ಲ, ಏರ್ ಪಂಪ್ ಮಾತ್ರ ಓಡ್ತಾ ಇರ್ಬೇಕು, ಸಾಯೋ ಪಾಚಿ ಗಾಳಿ ಎಳ್ಕೊಳ್ಳುತ್ತೆ. ಕರೆಂಟ್ ನಂಬೋ ಹಾಗಿಲ್ಲ, ಪಂಪು, ಫಿಲ್ಟರ್ ಎರಡನ್ನೂ ಇನ್ವರ್ಟರ್ ಪ್ಲಗ್ಗಿಗೆ ಹಾಕಿದೆ.

18 ಜುಲೈ 2024, ಗುರುವಾರ

ಸಾಯಂಕಾಲ ಕಂಬಳಿ ತೆಗೆದ್ವಿ. ನೀರು ತಿಳಿ, ಪೂರ್ತಿ ಅಲ್ಲ, ಬಿಳೀ ಮಗ್ಗಲ್ಲಿ ಹಿಡಿದ್ರೆ ತುಸು ಹಳದಿ. ಗೋಲ್ಡ್‌ಫಿಶ್ ಎರಡೂ ಚುರುಕಾಗಿವೆ. ಮತ್ತೊಂದು ಬಕೆಟ್ ನೀರು ಬದಲಾಯಿಸಿ, ಸ್ಪಂಜನ್ನ ತೆಗೆದ ನೀರಲ್ಲೇ ಎರಡು ಸಲ ಅದ್ದಿ ಹಿಂಡಿದೆ ಅಷ್ಟೆ. "ಇಷ್ಟೇನಾ, ಇನ್ನೂ ಕೊಳೆ ಇದೆಯಲ್ಲ" ಅಂತ ಭಾವನಿಗೆ ಕೈ ಕಡಿತಾ ಇತ್ತು, ಗಾಜು ಒರೆಸಿ ಅಂತ ಬಟ್ಟೆ ಕೊಟ್ಟೆ. ನೀರಿಗೆ ಹೈಡ್ರಿಲ್ಲ ಗಿಡ ಒಂದು ಕಟ್ಟು ಬಿಟ್ಟಿದೀನಿ, ಬೇಗ ಬೆಳೆಯೋ ಗಿಡ ಪಾಚಿ ಪಾಲಿನ ಗೊಬ್ಬರ ತಾನೇ ತಿನ್ನುತ್ತೆ. ಗೋಲ್ಡ್‌ಫಿಶ್ ಅದನ್ನೂ ಮೇಯ್ತಾವೆ, ಮೇಯ್ಲಿ.

ಲೈಟಿಗೆ ತಿರುಗೋ ಟೈಮರ್ ತಂದಿದಾರೆ ಭಾವ. ಅದು ಕರೆಂಟ್ ಹೋದಾಗ ನಿಂತು ಬಿಡುತ್ತೆ, ಮೂರು ಗಂಟೆ ಕರೆಂಟ್ ಹೋದ್ರೆ ಮೂರು ಗಂಟೆ ಹಿಂದೆ. ಈ ಮಳೇಲಿ ವಾರದೊಳಗೆ ಟ್ಯಾಂಕಿಗೆ ಮಧ್ಯರಾತ್ರಿ ಬೆಳಗಾಗುತ್ತೆ. ಅದನ್ನೂ ಇನ್ವರ್ಟರಿಗೇ ಹಾಕ್ಬೇಕು.

ಉಳಿದಿದ್ದು ಸಕ್ಕರ್ ಫಿಶ್. ಪಾಚಿ ತಿನ್ನುತ್ತೆ ಅಂತ ಅಂಗಡಿಯವರು ಕೊಟ್ಟು ಕಳ್ಸಿದ್ದು, ಗಾಜಿಗೆ ಅಂಟಿದ್ದನ್ನ ಚೂರು ಕೆರೆಯುತ್ತೆ, ತೇಲೋ ಪಾಚಿಗೆ ಇದ್ರಿಂದ ಏನೂ ಆಗಲ್ಲ, ತಾನೇ ಬೇಕಾದಷ್ಟು ಕಕ್ಕ ಮಾಡುತ್ತೆ. ಈಗ ಗೇಣುದ್ದ, ಒಂದಡಿ ದಾಟಿ ಬೆಳೆಯೋ ಜಾತಿ. "ಮಾವ, ತುಂಗೆಗೆ ಬಿಟ್ಬಿಡೋಣ" ಅಂದ ಪುಟ್ಟ. ಅದೊಂದು ಮಾತ್ರ ಬೇಡ, ದಕ್ಷಿಣ ಅಮೆರಿಕದ ಮೀನು ಅದು, ನಮ್ ಹೊಳೆ ಮೀನಿನ ಜಾಗ ತಿಂದು ಹಾಕುತ್ತೆ. ಶಿವಮೊಗ್ಗದಲ್ಲಿ ನಾಲ್ಕಡಿಗಿಂತ ದೊಡ್ಡ ಟ್ಯಾಂಕ್ ಇರೋರು ಯಾರಾದ್ರೂ ಇಟ್ಕೊಳ್ತೀರಾದ್ರೆ ಹೇಳಿ, ನಾನೇ ತಂದು ಕೊಡ್ತೀನಿ.