ಜೋಳಿಗೆ ಹಿಡಿಯಲು ಇಪ್ಪತ್ತೆರಡು ವರ್ಷ

ಪಿಯುಸಿಯಲ್ಲಿ ನಾನು ಗಣಿತಕ್ಕೆ ಫೇಲಾದ ವರ್ಷ ಅವ್ವ ಗಾಣಗಾಪುರದ ದತ್ತ ಮಹಾರಾಜನಿಗೆ ಹರಕೆ ಹೊತ್ತಳು. ಮಗ ಪಾಸಾದರೆ ಅವನ ಕೈಲೇ ಐದು ಮನೆ ಭಿಕ್ಷೆ ಬೇಡಿಸುತ್ತೇನೆ ಅಂತ. ಹರಕೆ ಹೊತ್ತವಳು ಅವಳು, ಬೇಡಬೇಕಾದವನು ನಾನು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಅಪ್ಪ ಆವತ್ತು ಆಡಿದ್ದು ಒಂದೇ ಮಾತು, ಅದೂ ಮನೆಗೆ ಬಂದ ನೆಂಟರ ಮುಂದೆ: "ಇವನ ತಲ್ಯಾಗ ಏನೂ ಇಲ್ಲ ಬಿಡ್ರಿ."

ಮತ್ತೆ ಪರೀಕ್ಷೆ ಕಟ್ಟಿ ಪಾಸಾದೆ. ಡಿಗ್ರಿ ಆಯಿತು, ಪುಣೆಯಲ್ಲಿ ಕೆಲಸ ಸಿಕ್ಕಿತು, ಮದುವೆಯೂ ಆಯಿತು. ಕಲಬುರಗಿಗೆ ಬಂದಾಗಲೆಲ್ಲ ಅವ್ವ ಹರಕೆ ನೆನಪಿಸುತ್ತಿದ್ದಳು. ರಜೆ ಇಲ್ಲ, ಬಿಸಿಲು ಜಾಸ್ತಿ, ಮುಂದಿನ ಸಲ ನೋಡೋಣ ಅಂತ ನಾನು ತಪ್ಪಿಸಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ನಾಚಿಕೆ. ತಿಂಗಳಿಗೆ ಸರಿಯಾಗಿ ಪಗಾರ ಬರುವವನು ಬಯಲಲ್ಲಿ ನಿಂತು ಕೈಯೊಡ್ಡೋದು ಅಂದರೆ ಸುಮ್ನೆ ಆಗುತ್ತಾ?

ಈ ಜನವರಿಯಲ್ಲಿ ಅವ್ವ ಬೇರೆ ಥರ ಕೇಳಿದಳು. "ನನ್ನ ಮೊಣಕಾಲು ಇನ್ನೆಷ್ಟು ದಿನ ಏಳ್ತಾವೋ ಏನೋ." ಇದಕ್ಕೆ ನೆಪ ಸಿಗಲಿಲ್ಲ.

ಗುರುವಾರ ನಸುಕಿನಲ್ಲಿ ಎದ್ದರೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು. ಇಪ್ಪತ್ತೊಂದು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅವಳೂ ಭಿಕ್ಷೆ ಹಾಕುವವಳು ಆವತ್ತು. ಬಿಳಿ ಬಟ್ಟೆಯಲ್ಲಿ ಸುತ್ತಿದ ಬುಟ್ಟಿಯನ್ನು ಕಾರಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಕೂತಳು. ಹಿಂದೆ ಡಿಕ್ಕಿಯಲ್ಲಿ ಇಡು ಅಂದರೆ ಕೇಳಲಿಲ್ಲ. ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್. ಚೌಡಾಪುರದ ಹತ್ತಿರ ತಿರುಗುವಾಗ ಹೊಲಗಳಲ್ಲಿ ತೊಗರಿ ಕೊಯ್ದು ಬರೀ ಕೂಳೆ ಉಳಿದಿತ್ತು. ಅಪ್ಪ ಅದನ್ನೇ ನೋಡುತ್ತಾ ಬಂದರು. ಮಾತಿಲ್ಲ. ನಮ್ಮಿಬ್ಬರ ನಡುವೆ ಮಾತು ಯಾವತ್ತೂ ಅಷ್ಟಕ್ಕಷ್ಟೇ: ರೇಷನ್, ಲೈಟ್ ಬಿಲ್ಲು, ಬಿಪಿ ಗುಳಿಗೆ.

ಮೊದಲು ಸಂಗಮ. ಭೀಮಾ ಮತ್ತು ಅಮರಜಾ ಕೂಡುವ ಜಾಗ. ನೀರು ತಣ್ಣಗಿತ್ತು, ಮುಳುಗಿ ಎದ್ದರೆ ಹಲ್ಲು ಕಡಕಡ. ದಂಡೆಯ ಮೇಲಿನ ಔದುಂಬರದ, ಅಂದರೆ ಅತ್ತಿ ಮರದ ಸುತ್ತ ಜನ ಪ್ರದಕ್ಷಿಣೆ ಹಾಕುತ್ತಿದ್ದರು. ಕೆಲವರು ಮರದ ಕೆಳಗೇ ಕೂತು ದತ್ತನ ಅವತಾರಗಳ ಕತೆ ಹೇಳುವ ಗುರುಚರಿತ್ರೆ ಪಾರಾಯಣ ಮಾಡುತ್ತಿದ್ದರು. ಅದು ಮರಾಠಿ ಗ್ರಂಥವಾದರೂ ಅದರ ಓವಿಗಳ (ಪದ್ಯಗಳ) ನಡುವೆ ಕನ್ನಡ ಪದಗಳೂ ಬರುತ್ತವೆ. ನಮ್ಮ ಕಡೆಯ ದೇವರು ಎರಡೂ ಭಾಷೆ ಬಲ್ಲವನು.

ಮೈ ಒರೆಸಿಕೊಳ್ಳುತ್ತಾ ಆ ನೀರನ್ನು ನೋಡುವಾಗ ಒಂದು ವಿಷಯ ಹೊಳೆಯಿತು. ಇದೇ ಭೀಮೆ ಅಲ್ವಾ ಮೇಲೆ ಪಂಢರಪುರದಿಂದ ಬರೋದು? ಅಲ್ಲಿ ಪುಂಡಲೀಕ. ಹೆತ್ತವರ ಕಾಲು ಒತ್ತುತ್ತಿದ್ದವನು, ಬಾಗಿಲಿಗೆ ದೇವರೇ ಬಂದರೂ ಏಳಲಿಲ್ಲ. ಒಂದು ಇಟ್ಟಂಗಿ ಎಸೆದು, ಅದರ ಮೇಲೆ ನಿಂತಿರು ಅಂದ. ವಿಠ್ಠಲ ಇನ್ನೂ ನಿಂತೇ ಇದ್ದಾನೆ. (ಅವನೂ ಹುಟ್ಟಾ ಒಳ್ಳೆಯ ಮಗನಲ್ಲ. ಯಾತ್ರೆಗೆ ಹೋಗುವಾಗ ಹೆತ್ತವರನ್ನು ನಡೆಸಿ ತಾನು ಕುದುರೆ ಏರಿದವನು ಅಂತ ಕತೆ ಹೇಳುತ್ತಾರೆ. ಇದನ್ನು ಕೇಳಿದಾಗಲೆಲ್ಲ ನನಗೆ ಒಂಚೂರು ಸಮಾಧಾನ.) ಅದೇ ನೀರು ಕೆಳಗೆ ಹರಿದು ಗಾಣಗಾಪುರಕ್ಕೆ ಬಂದರೆ ಇಲ್ಲಿರುವವನು ತಾಯಿಯನ್ನು ಬಿಟ್ಟು ಹೊರಟ ಮಗ.

15ನೇ ಶತಮಾನದಲ್ಲಿ ಇಲ್ಲಿದ್ದ, ದತ್ತನ ಅವತಾರ ಅಂತ ಜನ ನಂಬುವ ನೃಸಿಂಹ ಸರಸ್ವತಿಗಳ ಹುಟ್ಟೂರು ವಿದರ್ಭದ ಕಾರಂಜಾ. ಹುಟ್ಟಿದಾಗಿನಿಂದ ಆ ಹುಡುಗ 'ಓಂ' ಬಿಟ್ಟು ಬೇರೆ ಮಾತೇ ಆಡಲಿಲ್ಲ. ಮಗ ಮೂಗ ಅಂತ ತಾಯಿ ಅಂಬಾ ಕೊರಗಿದಳು. ಉಪನಯನ ಆಯಿತು. ವಟು ಮೊದಲು ಬೇಡಬೇಕಾದದ್ದು ತಾಯಿಯ ಹತ್ತಿರ. ಅವಳು ಮೊದಲ ಭಿಕ್ಷೆ ಹಾಕಿದಳು, ಹುಡುಗ ಋಗ್ವೇದ ಹೇಳಿದ. ಎರಡನೆಯದಕ್ಕೆ ಯಜುರ್ವೇದ, ಮೂರನೆಯದಕ್ಕೆ ಸಾಮವೇದ. ಅಂಗಳದ ಜನ ದಂಗು. ತಾಯಿಯ ಖುಷಿ ಮಾತ್ರ ಬಹಳ ಹೊತ್ತು ಉಳಿಯಲಿಲ್ಲ. ಬಾಯಿ ಬಿಟ್ಟ ಮಗ ಕೇಳಿದ್ದೇ ಮನೆ ಬಿಡಲು ಅಪ್ಪಣೆ.

ಅಜ್ಜ ಗುರುಚರಿತ್ರೆಯಲ್ಲಿ ಇದನ್ನು ಓದುವಾಗ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದದ್ದು ನೆನಪಿದೆ. ನನಗೆ ಆಗ ಅರ್ಥ ಆಗುತ್ತಿದ್ದದ್ದು ಮುಂದಿನ ಭಾಗ ಮಾತ್ರ: ಹುಡುಗ ಹಟ ಮಾಡಿ ಓಡಿಹೋಗಲಿಲ್ಲ. ನಿನಗೆ ಬೇರೆ ಮಕ್ಕಳಾಗುತ್ತಾರೆ ಅಂದ. ಅವಳಿಗೆ ಅವಳಿ ಗಂಡುಮಕ್ಕಳು ಹುಟ್ಟುವವರೆಗೆ ಮನೆಯಲ್ಲೇ ಇದ್ದ. ಬಹಳ ವರ್ಷಗಳ ಮೇಲೆ ಸನ್ಯಾಸಿಯಾಗಿ ಮತ್ತೆ ಕಾರಂಜಾಕ್ಕೆ ಹೋಗಿ ಅವಳನ್ನು ಕಂಡ.

ಇನ್ನೊಂದು ಎಳೆ ಇದೆ. ಈ ಭೀಮೆ ಮುಂದೆ ಕೃಷ್ಣೆಯನ್ನು ಸೇರುತ್ತದೆ. ಆ ಕೃಷ್ಣೆಯ ನಡುಗಡ್ಡೆಯಲ್ಲಿ ಕುರುವಪುರ. ಅಲ್ಲಿ ಒಬ್ಬ ತಾಯಿ ಓದು ಹತ್ತದ ಮಗನನ್ನು ಕಟ್ಟಿಕೊಂಡು, ಜನರ ಮಾತು ತಾಳಲಾರದೆ, ಅವನ ಜೊತೆ ಹೊಳೆಗೆ ಹಾರಲು ಬಂದಿದ್ದಳು. ಶ್ರೀಪಾದ ಶ್ರೀವಲ್ಲಭರು ತಡೆದು ಆ ಹುಡುಗನಿಗೆ ವಿದ್ಯೆ ಕೊಟ್ಟರು. ಆ ತಾಯಿಯೇ ಮುಂದಿನ ಜನ್ಮದಲ್ಲಿ ಅಂಬಾ ಆದದ್ದು, ಶ್ರೀಪಾದರೇ ಅವಳ ಮಗನಾಗಿ ಹುಟ್ಟಿದ್ದು. ಅಂದರೆ ಇಡೀ ಕತೆ ಶುರುವಾಗೋದೇ ಒಬ್ಬ ಫೇಲಾದ ಹುಡುಗನಿಂದ! ಅವ್ವ ಹರಕೆಗೆ ಗಾಣಗಾಪುರವನ್ನೇ ಯಾಕೆ ಹಿಡಿದಳು ಅಂತ ಇಪ್ಪತ್ತೆರಡು ವರ್ಷದಲ್ಲಿ ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಗುಡಿಗೆ ಬಂದು ಕಿಂಡಿಯಲ್ಲಿ ನೃಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆಗಳ ದರ್ಶನ ಮಾಡಿದೆವು. ಹೊರಗೆ ಅಂಗಡಿಯಲ್ಲಿ ಅಪ್ಪ ಕೇಸರಿ ಜೋಳಿಗೆ ಕೊಂಡರು. ಎರಡು.

"ಎರಡು ಯಾಕ್ರಿ ಅಪ್ಪಾ?"

"ಒಂದು ನಂದು."

ನಲವತ್ತು ವರ್ಷದಲ್ಲಿ ಅಪ್ಪ ಯಾರ ಹತ್ತಿರವೂ ಏನೂ ಬೇಡಿದ್ದನ್ನು ನಾನು ಕಂಡಿಲ್ಲ. ನನ್ನ ಮದುವೆಗೆ ಸಾಲ ಬೇಕಾದಾಗಲೂ ಸ್ವಂತ ತಮ್ಮನನ್ನು ಕೇಳದೆ ಅಂಗಿ ಇಸ್ತ್ರಿ ಮಾಡಿಸಿಕೊಂಡು ಬ್ಯಾಂಕಿಗೆ ಹೋಗಿದ್ದವರು. ಅವರು ಜೋಳಿಗೆಯನ್ನು ಹೆಗಲಿಗೆ ಹಾಕಿ, ತೆಗೆದು, ಮತ್ತೆ ಇನ್ನೊಂದು ಹೆಗಲಿಗೆ ಹಾಕಿಕೊಂಡರು.

ನಡುಮಧ್ಯಾಹ್ನ. ಇಲ್ಲಿಯ ನಂಬಿಕೆ ಗೊತ್ತಲ್ಲ: ಆ ಹೊತ್ತಿಗೆ ದತ್ತ ಮಹಾರಾಜ ಯಾವುದೋ ವೇಷದಲ್ಲಿ ಮಾಧುಕರಿಗೆ, ಅಂದರೆ ಭಿಕ್ಷೆಗೆ ಬರುತ್ತಾನೆ. ಯಾವ ವೇಷ ಅಂತ ಯಾರಿಗೂ ತಿಳಿಯದು. ಅದಕ್ಕೇ ಹಾಕುವವರು ಎಲ್ಲರಿಗೂ ಹಾಕುತ್ತಾರೆ, ಬೇಡುವವರಲ್ಲಿ ಬಡವ ಬಲ್ಲಿದ ಅಂತ ಇಲ್ಲ. "ಭಿಕ್ಷಾಂ ದೇಹಿ" ಅನ್ನಲು ನನಗೆ ಗಂಟಲೇ ಏಳಲಿಲ್ಲ. ಪಕ್ಕದಲ್ಲಿದ್ದ ಕಾಲೇಜು ಹುಡುಗನೊಬ್ಬ ಜೋರಾಗಿ ಕೂಗುತ್ತಿದ್ದ, ಅವನ ದನಿಯ ಹಿಂದೆ ಅಡಗಿಕೊಂಡೆ. ಒಬ್ಬರು ಚಪಾತಿ ಹಾಕಿದರು. ಒಬ್ಬರು ಎಲೆಯಲ್ಲಿ ಶಿರಾ ಕೊಟ್ಟರು. ಮೂರನೆಯವಳು ಅವ್ವ.

ಗೋಡೆಗೆ ಒರಗಿ, ನೋವಿರುವ ಕಾಲನ್ನು ಮುಂದೆ ಚಾಚಿ ಕೂತಿದ್ದಳು. ನನ್ನನ್ನು ನೋಡಿ ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಮುಖವನ್ನೂ ನೋಡಲಿಲ್ಲ. ತಲೆ ಮೇಲೆ ಸೆರಗು ಎಳೆದುಕೊಂಡು ಒಂದು ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ, ಮಡಚಿ, ಜೋಳಿಗೆಗೆ ಬಿಟ್ಟಳು. ಆಮೇಲೆ ಎರಡೂ ಕೈ ಜೋಡಿಸಿ ನನಗೆ ತಲೆ ಬಾಗಿದಳು. ಕೈತುಂಬ ಒಣಗಿದ ಜೋಳದ ಹಿಟ್ಟು.

ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ನನಗೆ ಅಲ್ಲ ಅವಳು ಮುಗಿದದ್ದು, ಗೊತ್ತು. ಆದರೆ ಆ ಹೊತ್ತಿಗೆ ಅಲ್ಲಿ ನಿಂತವನು ನಾನೇ. ಹಿಂದೆ ಅಪ್ಪ. ಅವರ ಜೋಳಿಗೆಗೂ ಹಾಗೇ ಹಾಕಿ ಹಾಗೇ ಮುಗಿದಳು. ಅಪ್ಪ ಗಾಬರಿಯಲ್ಲಿ ತಿರುಗಿ ಅವಳಿಗೇ ಕೈ ಮುಗಿದುಬಿಟ್ಟರು. ಪಕ್ಕದ ಹೆಂಗಸರು ನಕ್ಕರು. ಅವ್ವ ಆಗ ನಕ್ಕಳು.

ಐದು ಮುಗಿಸಿ ಒಂದು ಮೂಲೆಯ ನೆರಳಿನಲ್ಲಿ ಕೂತೆವು. ಬೇಡಿ ತಂದದ್ದನ್ನೆಲ್ಲ ಕಲೆಸಿಯೇ ಉಣ್ಣಬೇಕು ಅಂದಳು ಅವ್ವ. ಶಿರಾ, ಪಲ್ಯ, ಚಪಾತಿ, ರೊಟ್ಟಿ ಎಲ್ಲ ಒಂದೇ ಉಂಡೆ. ಅಪ್ಪನ ಜೋಳಿಗೆಯಲ್ಲಿ ಅವ್ವ ಹಾಕಿದ ರೊಟ್ಟಿ ಒಂದೇ ಇತ್ತು. ಮಿಕ್ಕ ಕಡೆ ಸುಮ್ಮನೆ ನಿಂತು ಬಂದಿದ್ದರು, ದನಿ ತೆಗೆದಿರಲಿಲ್ಲ.

"ಹಾಂಗ ನಿಂತ್ರ ಯಾರು ಹಾಕ್ತಾರ? ಬೇಡಾಕೂ ಬರಂಗಿಲ್ಲ ನಿಮಗ," ಅಂದಳು ಅವ್ವ.

ನಾನು ನನ್ನ ಪಾಲಿನ ಅರ್ಧ ಅವರ ಕಡೆ ಸರಿಸಿದೆ. ಬೇಡ ಅನ್ನಲಿಲ್ಲ.

"ನಿಮ್ದು ಯಾವ ಹರಕಿರಿ ಅಪ್ಪಾ? ಯಾವಾಗಿಂದು?"

ಅವರು ತುತ್ತು ಮಾಡುತ್ತಿದ್ದರು. ನಾನು ಫೇಲಾದ ವರ್ಷವನ್ನು ಅವ್ವ ಬಾಯಿಬಿಟ್ಟು ಹೇಳಹೊರಟಳು. ಅಪ್ಪ ಒಮ್ಮೆ ಅವಳ ಕಡೆ ನೋಡಿದರು. ಅವಳು ಸುಮ್ಮನಾಗಿ ನೀರಿನ ತಂಬಿಗೆ ಮುಂದೆ ತಳ್ಳಿದಳು.

"ಹರಕಿ ಕೇಳಬಾರದು," ಅಂದರು ಅಪ್ಪ. "ಉಣ್ಣು. ನಿನ್ನ ಗಾಡಿಗಿ ಹೊತ್ತಾಗ್ತದ."