ಗಾಯದೊಳಗಿನ ಸಭೆ

"ಅವು ಮಾತಾಡ್ಕೊಳ್ತವೆ ಮೇಡಂ."

ಈ ವಾರ ಅಪ್ಪನ ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡುತ್ತಾ ಆ ಕಿರಿಯ ಡಾಕ್ಟರ್ ಹೇಳಿದ್ದು. ನನ್ನ ಕೈಯಲ್ಲಿ ಕಲ್ಚರ್ ರಿಪೋರ್ಟ್ ಇತ್ತು. ಗಾಯದಲ್ಲಿ ಬೆಳೆದ ಬ್ಯಾಕ್ಟೀರಿಯಾಕ್ಕೆ ಸ್ಯೂಡೋಮೊನಾಸ್ ಎಂಬ ಹೆಸರು, ಕೆಳಗೆ ಔಷಧಿಗಳ ಪಟ್ಟಿ, ಸಾಲುಸಾಲಾಗಿ 'ಆರ್'. ರೆಸಿಸ್ಟೆಂಟ್, ಅಂದರೆ ಆ ಔಷಧಿಗೆ ಬಗ್ಗದ್ದು. ಬಗ್ಗುತ್ತದೆ ಎನ್ನುವ 'ಎಸ್' ಇದ್ದದ್ದು ಎರಡೇ ಕಡೆ. ಪ್ರತಿ ನೆಗಡಿಗೂ ಉಳಿದ ಆಂಟಿಬಯೋಟಿಕ್ ಮಾತ್ರೆ ನುಂಗುವ ಅಪ್ಪನ ಮೇಲೆ ಸಿಟ್ಟು ಬಂತು. ಕಂಡೂ ಸುಮ್ಮನಿದ್ದ ನನ್ನ ಮೇಲೆ ಇನ್ನೂ ಹೆಚ್ಚು.

"ಮಾತು ಅಂದ್ರೆ?"

"ಒಂದೊಂದೂ ಒಂದು ರಾಸಾಯನಿಕ ಹೊರಗೆ ಬಿಡುತ್ತೆ. ಸಂಖ್ಯೆ ಕಡಿಮೆ ಇದ್ರೆ ಅದು ಚದುರಿಹೋಗುತ್ತೆ. ಗುಂಪು ದೊಡ್ಡದಾದ್ರೆ ಅದೂ ದಟ್ಟವಾಗುತ್ತೆ. ಆಗ ಎಲ್ಲಕ್ಕೂ ಗೊತ್ತಾಗುತ್ತೆ, ಸಾಕಷ್ಟು ಜನ ಸೇರಿದ್ದೀವಿ ಅಂತ. ಒಟ್ಟಿಗೇ ವಿಷ ಬಿಡೋಕೆ ಶುರು ಮಾಡ್ತವೆ."

ಬಗ್ಗಿ ಕೆಲಸ ಮಾಡುತ್ತಲೇ ಇಷ್ಟು ಬಿಡಿಸಿ ಹೇಳುವ ಡಾಕ್ಟರನ್ನು ನಾನು ಕಂಡಿರಲಿಲ್ಲ. ನೋಡಲು ಬಂದ ನೆಂಟರೊಬ್ಬರು ಮಾತ್ರ "ಇನ್ನೂ ಸ್ಟ್ರಾಂಗ್ ಔಷಧಿ ಬರೆಸಿ" ಎನ್ನುತ್ತಲೇ ಇದ್ದರು. ಅವರ ಪ್ರೀತಿ ದೊಡ್ಡದು, ಆದರೆ ಆ ಸಲಹೆ ನನಗೆ ಈಗ ಭಯ ಹುಟ್ಟಿಸುತ್ತದೆ.

ರಾತ್ರಿ ನಿದ್ದೆ ಬರಲಿಲ್ಲ, ಓದುತ್ತಾ ಕುಳಿತೆ. ಈ ಮಾತುಕತೆಯನ್ನು ಮೊದಲು ಗುರುತಿಸಿದ್ದು ಹೊಳೆಯುವ ಕಡಲ ಬ್ಯಾಕ್ಟೀರಿಯಾದಲ್ಲಿ, 1970ರಲ್ಲಿ. ಕಡಲ ನೀರಲ್ಲಿ ಚದುರಿದ್ದಾಗ ಕತ್ತಲು. ಹವಾಯಿಯ ಪುಟ್ಟ ಸ್ಕ್ವಿಡ್ಡಿನ ದೇಹದಲ್ಲಿ ಒತ್ತಾಗಿ ಸೇರಿದಾಗ ಬೆಳಕು. 1994ರಲ್ಲಿ ಇದಕ್ಕೆ ಕೋರಂ ಸೆನ್ಸಿಂಗ್ ಎಂಬ ಹೆಸರು ಬಂತು. ಸಭೆ ನಡೆಯಲು ಕನಿಷ್ಠ ಇಷ್ಟು ಜನ ಬೇಕು ಅಂತಾರಲ್ಲ, ಅದೇ ಕೋರಂ. ಬಾನಿ ಬ್ಯಾಸ್ಲರ್ ಎಂಬ ವಿಜ್ಞಾನಿ ತೋರಿಸಿಕೊಟ್ಟದ್ದು ಇನ್ನೂ ವಿಚಿತ್ರ: ತನ್ನ ಜಾತಿಯವರ ಜೊತೆಗಷ್ಟೇ ಅಲ್ಲ, ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ಅರ್ಥವಾಗುವ ಸಂಕೇತವೊಂದು ಇವಕ್ಕಿದೆ.

2019ರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜಿದೆ. ನಾವು ಕೊಲ್ಲಲು ಹೋದಷ್ಟೂ ಬದುಕುಳಿದವು ಬಲಿಷ್ಠವಾಗಿ ಬೆಳೆದವು. ಕೊಲ್ಲುವ ಬದಲು ಕಿವುಡು ಮಾಡಿದರೆ? ಡೆಲಿಸಿಯ ಎಂಬ ಕೆಂಪು ಕಡಲಪಾಚಿ ಮಾಡುವುದು ಅದನ್ನೇ. ಅದು ಸ್ರವಿಸುವ ಫ್ಯುರನೋನುಗಳೆಂಬ ರಾಸಾಯನಿಕಗಳು ಬ್ಯಾಕ್ಟೀರಿಯಾದ ಸಂಕೇತ ಕೆಡಿಸುತ್ತವೆ, ಮೈಮೇಲೆ ಅವು ಬೇರೂರದಂತೆ ತಡೆಯುತ್ತವೆ. ಸಾಯಿಸದ ಕಾರಣ ತಿರುಗಿಬೀಳುವ ಒತ್ತಡವೂ ಕಡಿಮೆ ಇರಬಹುದೆಂಬುದು ಸಂಶೋಧಕರ ಆಸೆ. ನನ್ನದೂ.

ಮರುದಿನ ಕೇಳಿದೆ, "ಅಪ್ಪನಿಗೆ ಅಂಥ ಔಷಧಿ ಕೊಡಬಹುದಾ?"

"ಇನ್ನೂ ಲ್ಯಾಬಲ್ಲೇ ಇದೆ ಮೇಡಂ. ಸದ್ಯಕ್ಕೆ ಈ ಇಂಜೆಕ್ಷನ್. ಜೊತೆಗೆ ಅವು ಕಟ್ಟಿಕೊಂಡಿರೋ ಪದರ ದಿನಾ ಕೆರೆದು ತೆಗೀಬೇಕು."

ಅಪ್ಪ ಹಲ್ಲು ಕಚ್ಚಿ ನನ್ನ ಕೈ ಹಿಡಿದುಕೊಂಡರು. ನಾನು ಬಿಚ್ಚಿದ ಬ್ಯಾಂಡೇಜನ್ನೇ ನೋಡುತ್ತಿದ್ದೆ. ಅದಕ್ಕಂಟಿದ ಕೀವಿನ ಹಸಿರು ಬಣ್ಣ ನಿನ್ನೆಗಿಂತ ಕೊಂಚ ತಿಳಿಯಾಗಿತ್ತು.