ಪಿಜಿಗೆ ಹೆಸರು ಹಚ್ಚುವ ಮುಂಚೆ

ಡಿಗ್ರಿ ಫಲಿತಾಂಶ ಬಂದಾಗ ಧಾರವಾಡದ ರೂಮುಗಳಲ್ಲಿ ಕೇಳುವ ಮಾತೊಂದಿದೆ: "ಸದ್ಯ ಪಿಜಿಗೆ ಹೆಸರು ಹಚ್ಚೂಣು, ಮುಂದಿಂದು ಮುಂದ ನೋಡೂಣು." ಪಿಜಿ, ಅಂದರೆ ಸ್ನಾತಕೋತ್ತರ ಪದವಿಯ ಬಗ್ಗೆ ಈ ಮಾತು ನನಗೆ ಕಳವಳ ತರುತ್ತದೆ. ನಾಳೆ ಯಾವ ಹುದ್ದೆಗೆ ಅರ್ಜಿ ಹಾಕಬಹುದು, ಯಾವುದಕ್ಕೆ ಆಗದು ಎಂಬುದು ಬಹುಮಟ್ಟಿಗೆ ಸೀಟು ಪಡೆದ ದಿನವೇ ತೀರ್ಮಾನವಾಗಿರುತ್ತದೆ. ಹಾಗಾಗಿ ಪ್ರಾಸ್ಪೆಕ್ಟಸ್‌ಗಿಂತ ಮೊದಲು ಓದಬೇಕಾದ್ದು ಹಿಂದಿನ ನೇಮಕಾತಿಯ ಅಧಿಸೂಚನೆ. ಅದರಲ್ಲಿ 'ವಿದ್ಯಾರ್ಹತೆ' ಕಾಲಂ ಇರುತ್ತದೆ. ಅಲ್ಲಿ ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರ ಎಂದಷ್ಟೇ ಇದ್ದರೆ, ಬಯೋಟೆಕ್ನಾಲಜಿಯಲ್ಲಿ ಎಷ್ಟೇ ಅಂಕ ತೆಗೆದಿದ್ದರೂ ಅರ್ಜಿ ತಿರಸ್ಕೃತವಾಗುತ್ತದೆ.

ಕಾಲೇಜಿನಲ್ಲಿ ಪಾಠ ಮಾಡಬೇಕೆನ್ನುವವರಿಗೆ 55 ಎಂಬ ಅಂಕಿಯೇ ಮುಖ್ಯ. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ಗೆ ಸ್ನಾತಕೋತ್ತರದಲ್ಲಿ ಶೇ. 55 ಬೇಕು, ಪರಿಶಿಷ್ಟ ಜಾತಿ, ಪಂಗಡ, ಕೆನೆಪದರದಲ್ಲಿಲ್ಲದ ಹಿಂದುಳಿದ ವರ್ಗ ಮತ್ತು ಅಂಗವಿಕಲರಿಗೆ ಶೇ. 50. 54.9 ಬಂದರೆ ಅದನ್ನು 55 ಎಂದು ಹಿಡಿಯುವುದಿಲ್ಲ. ಎಡವುವುದು ಹೆಚ್ಚಾಗಿ ಮೊದಲ ಸೆಮಿಸ್ಟರ್‌ನಲ್ಲಿ. ಕನ್ನಡ ಮಾಧ್ಯಮದಿಂದ ಬಂದವರು ಹೊಸ ಪಠ್ಯಕ್ಕೆ, ಹೊಸ ಭಾಷೆಗೆ ಹೊಂದಿಕೊಳ್ಳುವಷ್ಟರಲ್ಲಿ ಅಂಕ ಕುಸಿದಿರುತ್ತದೆ, ಕೊನೆಯ ಸೆಮಿಸ್ಟರ್‌ನಲ್ಲಿ ಅದನ್ನು ಎತ್ತುವುದು ಬಲು ಕಷ್ಟ. ನೆಟ್‌ನಲ್ಲಿ 3 ಗಂಟೆಗೆ 150 ಪ್ರಶ್ನೆ, 300 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಕೊನೆಯ ವರ್ಷದಲ್ಲಿರುವಾಗಲೇ ಬರೆಯಬಹುದು. ಇದೇ ಪರೀಕ್ಷೆಯಿಂದ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಸಿಕ್ಕಿ ಪಿಎಚ್‌ಡಿಗೆ ಸೇರಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಆದರೆ ಅದಕ್ಕೆ ವಯಸ್ಸಿನ ಮಿತಿ 30, ಮಹಿಳೆಯರಿಗೆ ಮತ್ತು ಮೀಸಲು ವರ್ಗದವರಿಗೆ 5 ವರ್ಷ ಸಡಿಲಿಕೆ. ನೆಟ್ ಬದಲು ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆ ಕೆಸೆಟ್ ಪಾಸಾದರೆ ಕರ್ನಾಟಕದೊಳಗಿನ ಕಾಲೇಜುಗಳಿಗೆ ಸಾಕು. ಪಿಯು ಉಪನ್ಯಾಸಕ ಹುದ್ದೆಯ ದಾರಿ ಬೇರೆ: ಎಂಎ ಅಥವಾ ಎಂಎಸ್‌ಸಿ ಜೊತೆಗೆ ಬಿಇಡಿಯನ್ನೂ ಕೇಳುತ್ತಾರೆ. ಎರಡು ಮತ್ತೆರಡು, ಒಟ್ಟು ನಾಲ್ಕು ವರ್ಷ. ಮನೆಯಲ್ಲಿ ಈ ಲೆಕ್ಕವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕೆಎಎಸ್ ಗುರಿ ಇಟ್ಟುಕೊಂಡು ಧಾರವಾಡದ ಕೋಚಿಂಗ್ ಬಡಾವಣೆ ಸಪ್ತಾಪುರದಲ್ಲಿ ಓದುವವರಿಗೆ ಪದವಿಯೇ ಸಾಕು, ಪಿಜಿ ಬೇಕಿಲ್ಲ. ಹಾಸ್ಟೆಲ್ಲು, ಲೈಬ್ರರಿ ಸಿಗುತ್ತದೆಂದು ಎಂಎ ಸೇರುವವರೂ ಇದ್ದಾರೆ; ಬಡ ಮನೆಯ ಮಕ್ಕಳಿಗೆ ಅದು ನಿಜವಾದ ಆಸರೆ, ತಪ್ಪೆನ್ನಲಾರೆ. ಹಾಗಿದ್ದರೂ ವಿಷಯವನ್ನು ಯೋಚಿಸಿ ಆರಿಸಿ. ಯುಪಿಎಸ್‌ಸಿಯನ್ನೂ ಬರೆಯುವುದಾದರೆ, ಅದರ ಮುಖ್ಯ ಪರೀಕ್ಷೆಯ 1,750 ಲಿಖಿತ ಅಂಕಗಳಲ್ಲಿ 500 ಐಚ್ಛಿಕ ವಿಷಯದ್ದು. ಎಂಎ ವಿಷಯವೇ ಐಚ್ಛಿಕವಾದರೆ ಒಂದೇ ಓದು ಎರಡೂ ಕಡೆ ಬರುತ್ತದೆ.

ವಿಜ್ಞಾನ ಮತ್ತು ಕೃಷಿಯವರಿಗೆ ಪದವಿಯ ಹೆಸರಿಗಿಂತ ಸಂಶೋಧನಾ ಪ್ರಬಂಧವೇ ದಿಕ್ಕು ತೋರಿಸುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಇಬ್ಬರು ಬ್ಯಾಡಗಿ ಮೆಣಸಿನಕಾಯಿ ಮೇಲೆ ಕೆಲಸ ಮಾಡುತ್ತಾರೆ ಎಂದುಕೊಳ್ಳಿ. ತಳಿ ಸಂಕರಣ ಮಾಡಿದವರು ರಾಣೆಬೆನ್ನೂರಿನ ಬೀಜ ಕಂಪನಿಗಳ ಕಡೆ ಹೋಗಬಹುದು. ಕಾಯಿಯ ಬಣ್ಣ ಅಳೆಯಲು ಕಲಿತವರು ಓಲಿಯೊರೆಸಿನ್ (ಕಾಯಿಯ ಬಣ್ಣ, ಖಾರದ ಸಾರ) ತೆಗೆಯುವ ಕಾರ್ಖಾನೆಯ ಗುಣಮಟ್ಟದ ಲ್ಯಾಬಿಗೆ ಹೊಂದುತ್ತಾರೆ. ಬೆಳೆ ಒಂದೇ, ದಾರಿ ಎರಡು. ರಸಾಯನಶಾಸ್ತ್ರದವರು ಮಾದರಿಯಲ್ಲಿನ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರವನ್ನು ತಾವೇ ನಡೆಸಿರಬೇಕು. ಮಾದರಿ ಕೊಟ್ಟು ಹೊರಗಿನಿಂದ ವರದಿ ತರಿಸಿಕೊಂಡವರು ಸಂದರ್ಶನದಲ್ಲಿ ಆ ಯಂತ್ರದ ಕಾಲಮ್ (ಬೇರ್ಪಡಿಸುವ ಕೊಳವೆ), ಮೊಬೈಲ್ ಫೇಸ್ (ಅದರಲ್ಲಿ ಹರಿಯುವ ದ್ರಾವಕ) ಬಗ್ಗೆ ಕೇಳಿದ ಎರಡನೇ ಪ್ರಶ್ನೆಗೇ ನಿಂತುಬಿಡುತ್ತಾರೆ.

ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಇಂಥ ವಿಶೇಷ ಕೋರ್ಸುಗಳಲ್ಲಿ ಕ್ಷೇತ್ರಕಾರ್ಯವೇ ಆಸ್ತಿ. ಆದರೆ ಪದವಿಯ ಹೆಸರು ಹೊಸದಾದಷ್ಟೂ ಅದು ಅಧಿಸೂಚನೆಯಲ್ಲಿ ಕಾಣುವುದು ಅಪರೂಪ, ಅಧಿಸೂಚನೆ ಕೇಳುವ ಪದವಿಗೆ ಇದು ತತ್ಸಮಾನವೆಂಬ ಆದೇಶ ಇದೆಯೇ ಎಂದು ವಿಭಾಗದಲ್ಲೇ ಕೇಳಿ, ಪ್ರತಿ ಪಡೆದಿಟ್ಟುಕೊಳ್ಳಿ.

ಗೈಡ್ ಆರಿಸುವಾಗ ಅವರ ಹೆಸರಿಗಿಂತ ಹಿಂದಿನ ಎರಡು ಬ್ಯಾಚಿನ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆಂದು ವಿಚಾರಿಸಿ. ಅವರಲ್ಲೊಬ್ಬರ ಜೊತೆ ಅರ್ಧ ತಾಸು ಮಾತಾಡಿ, ಯಾವ ಯಂತ್ರ ಕೆಲಸ ಮಾಡುತ್ತದೆ, ಪ್ರಬಂಧ ಎಷ್ಟು ತಡವಾಯಿತು ಎಂದು ಕೇಳಿ. ಶುಲ್ಕ ಕಟ್ಟುವುದು ಅದಾದ ಮೇಲೆ.